ಪಾತಿಯ ಸಂದುಗಳು

"ಇದೇನ್ ಭಾವ ಇದು? ಗಿಡ ಜೋಡಿಸಿದೀಯೋ, ಹಲ್ಲುದುರಿದ ಮುದುಕನ ಬಾಯಿ ಮಾಡಿಟ್ಟಿದೀಯೋ?"

"ಬಾಯಿ ಅಂದ್ಮೇಲೆ ಸಂದು ಇರ್ಬೇಕಪ್ಪ. ಇಲ್ದಿದ್ರೆ ನಿನ್ನ ಥರ ಬರೀ ಹಲ್ಲೇ ಕಾಣುತ್ತೆ."

"ತಮಾಷೆ ಸಾಕು! ನಿನ್ನೆ ಸಂಜೆ ನಾನು ಒಂದಕ್ಕೊಂದು ತಾಗಿಸಿ ಇಟ್ಟು ಹೋಗಿದ್ದೆ. ಯಾರು ಸರಿಸಿದ್ದು?"

"ನಾನೇ."

"ಮೊನ್ನೆ ಸರಿಸಿದ್ದು?"

"ಅದೂ ನಾನೇ. ಮತ್ಯಾರು, ನಿಮ್ಮ ತಾತ ಎದ್ದು ಬಂದು ಸರಿಸ್ತಾನಾ?"

"ಮಧ್ಯಾಹ್ನ ಡಾಕ್ಟರಮ್ಮ ನೋಡೋಕೆ ಬರ್ತಾರೆ. ಒಂದು ಗಿಡಾನೂ ಮಣ್ಣಿಗೆ ಇಳಿದಿಲ್ಲ. ನಾನು ಇಡೋದು, ನೀನು ಕೆಡಿಸೋದು. ನಾನು ಇಡೋದು, ನೀನು ಕೆಡಿಸೋದು. ನಾವಿಲ್ಲಿ ಕೆಲಸಕ್ಕೆ ಬಂದಿದೀವೋ, ಚೌಕಾಬಾರ ಆಡೋಕೆ ಬಂದಿದೀವೋ?"

ಬಿಸಿಲು ಇನ್ನೂ ಕಟ್ಟಡದ ಮೆಟ್ಟಿಲಿಗೆ ಇಳಿದಿರಲಿಲ್ಲ. ಮೇಸ್ತ್ರಿಯ ಗಂಟಲು ಮಾತ್ರ ಆಗಲೇ ಗೇಟು ದಾಟಿತ್ತು. ಕಾಲಿನ ಆಪರೇಷನ್ ಆದವರಿಗೆ ಮತ್ತೆ ನಡೆಯಲು ಕಲಿಸುವ ಆಸ್ಪತ್ರೆ ಅದು. ವಾಕರ್ ಹಿಡಿದು ಜಗಲಿಯ ಉದ್ದಕ್ಕೂ ಹೋಗಿಬರುತ್ತಿದ್ದ ರೋಗಿಗಳು ತಮ್ಮ ನಡಿಗೆಯನ್ನು ಅಲ್ಲಲ್ಲೇ ನಿಲ್ಲಿಸಿ ಕಂಬಿಗೆ ಆತುಕೊಂಡರು. ನೀರಿನ ಪೈಪು ಎಳೆದುಕೊಂಡು ಬರುತ್ತಿದ್ದ ಕೆಲಸದ ಹೆಂಗಸು ಅದನ್ನು ಕೆಳಗೆ ಹಾಕಿ ಸೊಂಟದ ಮೇಲೆ ಕೈ ಇಟ್ಟಳು. ಅವಳ ಹೆಸರು ಯಾರಿಗೂ ನೆನಪಿರಲಿಲ್ಲ. ಬಾಯಿಯ ದೆಸೆಯಿಂದ ಪಟಾಕಿ ಎಂದೇ ಎಲ್ಲರೂ ಕರೆಯುತ್ತಿದ್ದರು.

"ಶುರುವಾಯ್ತಾ ಭಾವ ಮೈದುನರ ಮಂಗಳಾರತಿ?" ಎಂದಳು. "ನಾನು ನೀರು ಬಿಡ್ಲೋ, ಚಪ್ಪಾಳೆ ತಟ್ಲೋ?"

"ನೀನು ಬಾಯಿ ಮುಚ್ಚು," ಎಂದ ಮೇಸ್ತ್ರಿ.

ಜಗಳಕ್ಕೆ ಕಾರಣವಾದ ಪಾತಿ ಅವರ ಕಾಲ ಬಳಿಯೇ ಇತ್ತು. ಆಸ್ಪತ್ರೆಯ ಮೆಟ್ಟಿಲಿನಿಂದ ಹೊರಟ ಕಲ್ಲುಹಾಸಿನ ದಾರಿ ನೆಟ್ಟಗೆ ಗೇಟಿಗೆ ಹೋಗದೆ, ಬಸುರಿಯ ಹೊಟ್ಟೆಯ ಹಾಗೆ ಉಬ್ಬಿ ಸುತ್ತಿಕೊಂಡು ಹೋಗುತ್ತಿತ್ತು. ಆ ಬಾಗಿನ ಒಳಮಗ್ಗುಲಲ್ಲಿ ಕುಡುಗೋಲಿನ ಆಕಾರದ ಪಾತಿ. ಮಣ್ಣು ಅಗೆದು, ಗೊಬ್ಬರ ಬೆರೆಸಿ, ಹೆಜ್ಜೆಯಿಟ್ಟರೆ ಪಾದ ಹೂತು ಹೋಗುವಷ್ಟು ಮೆತ್ತಗೆ ಮಾಡಿಟ್ಟಿದ್ದರು. ನೆಟ್ಟಗಿನ ದಾರಿಯಾದರೆ ಗಿಡ ಜೋಡಿಸುವುದು ಸುಲಭ. ಎತ್ತರದವು ಹಿಂದೆ, ಗಿಡ್ಡವು ಮುಂದೆ. ಬಾಗಿದ ದಾರಿಯಲ್ಲಿ ಹಾಗಲ್ಲ. ಮೆಟ್ಟಿಲಿನಿಂದ ನೋಡುವಾಗ ಹಿಂದಿನ ಸಾಲಿನಲ್ಲಿದ್ದ ಗಿಡ ತಿರುವು ದಾಟಿ ಬಂದವನಿಗೆ ಮುಂದಿನ ಸಾಲಿನದಾಗಿರುತ್ತದೆ. ಅದಕ್ಕೇ ಎತ್ತರದ ದಾಸವಾಳ, ಕಣಗಿಲೆಗಳನ್ನು ಪಾತಿಯ ನಡುವೆ ಬೆನ್ನುಮೂಳೆಯಂತೆ ಇಟ್ಟು, ಎರಡೂ ಕಡೆಗೆ ಗುಲಾಬಿ, ಸೇವಂತಿಗೆ, ಲಿಲ್ಲಿ, ನಿತ್ಯಪುಷ್ಪ ಎಂದು ಇಳಿಸುತ್ತ ಬರಬೇಕು.

ಇವರ ಕೆಲಸದಲ್ಲಿ ಇನ್ನೊಂದು ಕ್ರಮವಿತ್ತು. ಗಿಡಗಳನ್ನು ಚೀಲದ ಸಮೇತ ಪಾತಿಯ ಮೇಲೆ ಜೋಡಿಸಿ, ನೀರು ಕುಡಿಸಿ, ಒಂದು ರಾತ್ರಿ ಹಾಗೆಯೇ ಬಿಡುತ್ತಿದ್ದರು. ಬೆಳಿಗ್ಗೆ ಬಂದು ಗೇಟಿನಿಂದೊಮ್ಮೆ, ಬಾಗಿಲಿನಿಂದೊಮ್ಮೆ ನೋಡಿ, ಕಣ್ಣಿಗೆ ಹಿಡಿಸಿದರೆ ಮಾತ್ರ ಗುಂಡಿ ತೋಡುವುದು. ಈ ಕ್ರಮ ಕಲಿಸಿದವನೇ ಭಾವ. "ಗಿಡಕ್ಕೂ ಒಂದು ರಾತ್ರಿ ಆ ಜಾಗದಲ್ಲಿ ಮಲಗೆದ್ದು ಹೇಗನ್ಸುತ್ತೆ ನೋಡ್ಲಿ ಬಿಡೋ," ಎನ್ನುತ್ತಿದ್ದ. ಈಗ ಅದೇ ರಾತ್ರಿಯ ನೆಪ ಹಿಡಿದುಕೊಂಡು, ಮೇಸ್ತ್ರಿ ಜೋಡಿಸಿಟ್ಟಿದ್ದನ್ನೆಲ್ಲ ಬೆಳಿಗ್ಗೆ ಯಾರೂ ಬರುವ ಮುಂಚೆ ಬಂದು ಕೆಡಿಸುತ್ತಿದ್ದ. ದಾರಿಯ ಅಂಚಿನಿಂದ ಎತ್ತರದ ಸಾಲಿನವರೆಗೆ ಅಲ್ಲಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಸಂದು ಬಿಟ್ಟಿದ್ದ. ಪಾತಿಯ ಚೆಂದವೇ ಹೋಗಿತ್ತು.

ಭಾವ ಮೇಸ್ತ್ರಿಯ ಅಕ್ಕನ ಗಂಡ. ಮೇಸ್ತ್ರಿ ಊರ ಶಾಲೆಗೆ ಶರಣು ಹೊಡೆದು ಬಂದಾಗ ಮನೆಯಲ್ಲಿಟ್ಟುಕೊಂಡು, ಉಣ್ಣಲು ಹಾಕಿ, ಬೇರಿಗೆ ಪೆಟ್ಟಾಗದಂತೆ ಗಿಡ ಎತ್ತುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವನು. ಮೈದುನನ ಮೀಸೆ ಚಿಗುರಿ, ಮಾತು ಬಲಿತು, ಮಾಲೀಕರ ಜೊತೆ ವ್ಯವಹಾರ ಮಾಡುವ ಧೈರ್ಯ ಬಂದಮೇಲೆ ತಾನಾಗಿಯೇ ಹಿಂದೆ ಸರಿದು, "ಇನ್ಮೇಲೆ ನೀನೇ ಮೇಸ್ತ್ರಿ ಕಣೋ, ನಾನು ಬರೀ ಭಾವ," ಎಂದಿದ್ದ. ಅಂದಿನಿಂದ ಕೆಲಸಕ್ಕೆ ಬಂದುಹೋದವರಿಗೆಲ್ಲ ಅವನು ಭಾವನೇ. ಪಟಾಕಿಗೂ ಭಾವ, ಗೊಬ್ಬರದ ಗಾಡಿಯವನಿಗೂ ಭಾವ. ಇಬ್ಬರೂ ದಿನ ಬೆಳಗಾದರೆ ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದರು. ಆದರೆ ಎಷ್ಟೇ ತಮಾಷೆ ಮಾಡಿದರೂ ಮೇಸ್ತ್ರಿ ಭಾವನಿಗೆ 'ನೀವು' ಎಂದೇ ಅನ್ನುತ್ತಿದ್ದ. ಇವತ್ತು ಬೆಳಿಗ್ಗೆ ಬಾಯಿ ತೆರೆದಾಗಲೇ 'ನೀನು' ಬಂದಿತ್ತು. ಅದು ಮೇಸ್ತ್ರಿಗೆ ಗೊತ್ತಾಗಿರಲಿಲ್ಲ. ಭಾವನಿಗೆ ಗೊತ್ತಾಗಿತ್ತು.

"ಸಂದು ಇರ್ಲಿ ಕಣೋ," ಎಂದ ಭಾವ, ಈ ಸಲ ನಗದೆ. ಅವನ ಸೊಂಟದ ಮೇಲೆ ಒಂದು ಗುಲಾಬಿ ಕುಂಡ ಕೂತಿತ್ತು. ಈಚೆಗೆ ಅವನು ಎಲ್ಲಿ ಓಡಾಡಿದರೂ ಕಂಕುಳಲ್ಲೊಂದು ಕುಂಡ ಇದ್ದೇ ಇರುತ್ತಿತ್ತು. "ಗಿಡ ಬೆಳೀತಾವೆ. ತಾವೇ ತುಂಬ್ಕೋತಾವೆ."

"ಬೆಳೆಯೋವರೆಗೂ ಡಾಕ್ಟರಮ್ಮ ಕಣ್ಣು ಮುಚ್ಕೊಂಡಿರ್ತಾರಾ? ಅವರಿಗೆ ಈ ಪಾತಿ ಹಿಡಿಸಿದ್ರೆ ಹಿಂದಿನ ತೋಟಾನೂ ನಮಗೇ ಬರುತ್ತೆ. ವರ್ಷವಿಡೀ ಒಂದೇ ಕಡೆ ಕೆಲಸ. ಅದನ್ನ ಹಾಳು ಮಾಡೋಕೆ ನಿಂತಿದೀಯ ನೀನು."

"ಹಾಳು ಆಗಲ್ಲ. ನನ್ನ ಮಾತು ಕೇಳು."

"ಯಾಕೆ ಕೇಳ್ಬೇಕು? ಕಾರಣ ಹೇಳು, ಕೇಳ್ತೀನಿ."

ಭಾವ ಕುಂಡವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿಕೊಂಡ.

"ನೋಡಿದ್ಯಾ? ಕಾರಣಾನೇ ಇಲ್ಲ. ನಿನಗೆ ವಯಸ್ಸಾಯ್ತು, ತಲೆ ಓಡ್ತಿಲ್ಲ. ಅಕ್ಕನ ಮುಖ ನೋಡಿ ಇಟ್ಕೊಂಡಿದೀನಿ ನಿನ್ನ, ತಿಳ್ಕೋ!"

ಜಗಲಿಯಲ್ಲಿ ಯಾರೋ ಕೆಮ್ಮಿದರು. ಪಟಾಕಿ ಸೊಂಟದ ಮೇಲಿನ ಕೈ ತೆಗೆದಳು. ಆಡಿದ ಮೇಲೆ ಮೇಸ್ತ್ರಿಗೂ ಆ ಮಾತು ಅತಿಯಾಯಿತು ಅನಿಸಿತು. ಆದರೆ ಅವನ ಸಿಟ್ಟು ಇಳಿಜಾರಿನಲ್ಲಿ ಬಿಟ್ಟ ಕೈಗಾಡಿಯಂಥದು. ನಡುವೆ ನಿಲ್ಲಿಸುವ ವಿದ್ಯೆಯನ್ನು ಅವನು ಕಲಿತಿರಲಿಲ್ಲ.

"ಹಂಗಾ?" ಎಂದ ಭಾವ. ದಾರಿ ಬಿಟ್ಟು ಪಕ್ಕಕ್ಕೆ ಸರಿದ. "ಸರಿ. ನೀನೇ ಮೇಸ್ತ್ರಿ. ಮುಚ್ಚು."

ಮೇಸ್ತ್ರಿ ಮುಚ್ಚಿದ. ಸಂದುಸಂದಿಗೂ ಸೇವಂತಿಗೆ ತುರುಕಿದ, ಲಿಲ್ಲಿ ತುರುಕಿದ. ದೊಡ್ಡ ತಿರುವಿನ ಬಳಿ ಮೆಟ್ಟಿಲಿನಿಂದ ಗೇಟಿನವರೆಗೂ ಕಾಣುವಂಥ ಒಂದು ಅಗಲ ಸಂದಿತ್ತು. ಅಲ್ಲಿಗೆ ಎಲ್ಲಕ್ಕಿಂತ ಎತ್ತರದ ಕಣಗಿಲೆಯನ್ನೇ ಎಳೆದು ತಂದು ನಿಲ್ಲಿಸಿದ. ತುರುಕುವಾಗ ಒಂದೊಂದು ಸಂದಿನ ಕೊನೆಯಲ್ಲೂ, ಒಣ ಎಲೆಯ ಅಡಿಯಲ್ಲಿ, ಒಂದೊಂದು ಅರ್ಧ ಇಟ್ಟಿಗೆ ಸಿಕ್ಕಿತು. ಅಗೆದು ಹಸನು ಮಾಡಿದ ಮಣ್ಣಿನಲ್ಲಿ ಇಟ್ಟಿಗೆ! "ಪಾತೀನೋ ತಿಪ್ಪೇನೋ ಇದು?" ಎಂದು ಬೈಯುತ್ತ ಒಂದೊಂದನ್ನೇ ಕಿತ್ತು ಕಾಂಪೌಂಡಿನ ಮೂಲೆಗೆ ಎಸೆದ. ಭಾವ ಪ್ರತಿಯೊಂದು ಇಟ್ಟಿಗೆಯೂ ಹೋಗಿ ಬೀಳುವುದನ್ನು ನೋಡಿದ.

ಗುಂಡಿ ತೋಡುವುದು ಶುರುವಾಯಿತು. ಭಾವ ತನ್ನ ಒಳ್ಳೆಯ ಅಂಗಿ ಬಿಚ್ಚಿ ನಲ್ಲಿಯ ಕಂಬಕ್ಕೆ ನೇತುಹಾಕಿದ. ಅದರ ಪಕ್ಕದಲ್ಲೇ ಇಬ್ಬರ ಬುತ್ತಿಯ ಚೀಲ. ಅಕ್ಕ ಒಂದೇ ಡಬ್ಬಿಯಲ್ಲಿ ಗಂಡನಿಗೂ ತಮ್ಮನಿಗೂ ಕಟ್ಟಿಕೊಡುತ್ತಿದ್ದಳು. ಕೆಲಸದ ಹರಕು ಅಂಗಿ ತೊಟ್ಟು ಭಾವ ತಿರುವಿನ ಕಡೆ ಹೋದ. ಎತ್ತರದ ಗಿಡಗಳನ್ನು ನೆಡುವುದು ಯಾವತ್ತೂ ಅವನ ಪಾಲಿನ ಕೆಲಸ. ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟವನಲ್ಲ. ಮೆತ್ತನೆಯ ಮಣ್ಣನ್ನು ತುಳಿಯಬಾರದೆಂದು ಹಲಗೆ ಹಾಸಿ, ಅದರ ಮೇಲೆ ಎರಡೂ ಮಂಡಿಯೂರಿ ಕೂತು ನೆಡಬೇಕು.

ಮೇಸ್ತ್ರಿ ಮೆಟ್ಟಿಲಿನ ಕಡೆಯ ಲಿಲ್ಲಿ ಸಾಲು ಹಿಡಿದಿದ್ದ. ಪಟಾಕಿ ಗೊಬ್ಬರ ತರಲು ಹಿತ್ತಲಿಗೆ ಹೋಗಿದ್ದಳು. ಸ್ವಲ್ಪ ಹೊತ್ತು ಭಾವನ ಗುದ್ದಲಿಯ ಸದ್ದು ಕೇಳಿಸುತ್ತಿತ್ತು. ಆಮೇಲೆ ನಿಂತಿತು. ಬೇಸರದಲ್ಲಿ ಕೂತಿರಬೇಕು, ಕೂರಲಿ, ಎಂದುಕೊಂಡ ಮೇಸ್ತ್ರಿ. ಮತ್ತೂ ಸ್ವಲ್ಪ ಹೊತ್ತಿನ ಮೇಲೆ ಏನೋ ಮುರಿದ ಸದ್ದಾಯಿತು.

ಹೋಗಿ ನೋಡಿದರೆ ಭಾವ ದಾಸವಾಳದ ಬುಡದಲ್ಲಿ, ಹಲಗೆಯಿಂದ ಜಾರಿ, ಮಣ್ಣಿನಲ್ಲಿ ಅಂಗಾತ ಬಿದ್ದಿದ್ದ. ಒಂದು ಕಾಲು ಮಡಿಸಿತ್ತು, ಇನ್ನೊಂದು ಕೋಲಿನಂತೆ ನೆಟ್ಟಗೆ ಚಾಚಿತ್ತು. ಬೆನ್ನಿನಡಿ ಸೇವಂತಿಗೆಯ ಗಿಡಗಳು ನುಗ್ಗಾಗಿದ್ದವು.

"ಏನ್ ಭಾವ, ಮಲಗೇ ಬಿಟ್ರಾ?" 'ನೀವು' ತಾನಾಗಿಯೇ ವಾಪಸು ಬಂದಿತ್ತು.

"ಆಕಾಶ ನೋಡ್ತಿದೀನಿ. ನೀನು ಹೋಗು."

"ಏಳಿ."

"ಏಳ್ತೀನಿ. ಹೋಗು ಅಂದ್ನಲ್ಲ."

ಮೇಸ್ತ್ರಿ ಹೋಗಲಿಲ್ಲ. ಭಾವ ಹೊರಳಿ ಕೂತ. ಬಲಗೈ ಪಕ್ಕದ ಮಣ್ಣನ್ನು ತಡಕಿತು. ಊರಿದರೆ ಮಣಿಕಟ್ಟಿನವರೆಗೂ ಹೂತುಹೋಯಿತು. ಇನ್ನೊಂದು ಕಡೆ ತಡಕಿತು. ಅಲ್ಲೂ ಮೆತ್ತನೆಯ ಮಣ್ಣೇ. ಆ ಕೈ ಹುಡುಕುತ್ತಿರುವುದು ಏನನ್ನು ಎಂದು ಮೇಸ್ತ್ರಿಗೆ ಆಗ ಹೊಳೆಯಿತು. ಇಟ್ಟಿಗೆ. ಊರಿಕೊಂಡು ಏಳಲು ಒಂದು ಗಟ್ಟಿ ವಸ್ತು. ಸಂದು ಕಾಲು ಚಾಚಲು, ಇಟ್ಟಿಗೆ ಕೈ ಊರಲು. ಸೊಂಟದ ಮೇಲಿನ ಕುಂಡ, ತಾನು ಕುಂಟುವುದು ಕಾಣದಿರಲು. ಭಾರ ಹೊತ್ತವನು ಓಲಾಡಿ ನಡೆದರೆ ಯಾರು ಕೇಳುತ್ತಾರೆ?

ನಾಚಿಕೆಯಿಂದ ಮೇಸ್ತ್ರಿಯ ಮುಖಕ್ಕೆ ಬಿಸಿ ಏರಿತು. ಹಿಂದಿನಿಂದ ಹೋಗಿ ಎರಡೂ ಕಂಕುಳಿಗೆ ಕೈಕೊಟ್ಟು ಎತ್ತಿದ. ಭಾವ ಇಷ್ಟು ಹಗುರವಿದ್ದಾನೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಎತ್ತುವಾಗ ಭಾವ ಹಲ್ಲು ಕಚ್ಚಿದ್ದು ಅವನ ಬೆನ್ನು ಬಿಗಿದುಕೊಂಡಿದ್ದರಲ್ಲೇ ಗೊತ್ತಾಯಿತು.

"ಯಾವಾಗಿಂದ?"

"ಯಾವಾಗಿಂದಲೋ. ಅದಕ್ಕೇನು ಹುಟ್ಟುಹಬ್ಬ ಮಾಡ್ತೀಯಾ?"

"ಹೇಳ್ಬಾರ್ದಿತ್ತಾ ಭಾವ? ಬೆಳಿಗ್ಗೆ ಕಾರಣ ಕೇಳ್ದಾಗಲಾದ್ರೂ…"

"ಆ ರೋಗಿಗಳೆಲ್ಲ ಕಿವಿ ಬಿಟ್ಕೊಂಡು ನಿಂತಿದ್ರಲ್ಲ."

"ಡಾಕ್ಟರಮ್ಮ ಇಲ್ಲೇ ಇದಾರೆ. ಒಂದ್ಸಲ ತೋರಿಸಿದ್ರೆ?"

"ತೋರಿಸಿದ್ರೆ ಏನಂತಾರೆ? ಕೂರ್ಬೇಡಿ, ಬಗ್ಬೇಡಿ, ಭಾರ ಎತ್ಬೇಡಿ ಅಂತಾರೆ. ಆಮೇಲೆ ನಾನು ಮನೇಲಿ ಕೂತು ನಿಮ್ಮಕ್ಕನಿಗೆ ಸೊಪ್ಪು ಸೋಸಿ ಕೊಡ್ಬೇಕು. ಅವಳು ಸರಿಯಾಗಿ ಸೋಸಿಲ್ಲ ಅಂತ ಬೈಬೇಕು." ಭಾವ ಬಟ್ಟೆಗೆ ಮೆತ್ತಿದ ಮಣ್ಣು ಕೊಡವಿಕೊಂಡ. "ನೀನೂ ಹೇಳ್ತೀಯ, 'ಭಾವ, ಸಾಕು, ಮನೇಲಿರಿ' ಅಂತ. ಬೈದು ಹೇಳಲ್ಲ, ಒಳ್ಳೆ ಮಾತಲ್ಲೇ ಹೇಳ್ತೀಯ. ಅದೇ ನಂಗೆ ಬೇಡ. ಕೈ ಇನ್ನೂ ಚೆನ್ನಾಗಿದೆ ಕಣೋ. ಎಲ್ಲಿವರೆಗೆ ಆಗುತ್ತೋ ಅಲ್ಲಿವರೆಗೆ ಮಣ್ಣಲ್ಲಿರ್ತೀನಿ. ಯಾರಿಗೂ ಹೇಳ್ಬೇಡ. ನಿಮ್ಮಕ್ಕನಿಗೂ."

"ಇಲ್ಲ ಭಾವ."

"ಬಾಯಿ ತಪ್ಪಿನೂ."

"ಅಂದ್ನಲ್ಲ. ಇಲ್ಲ."

ಮೇಸ್ತ್ರಿ ಕಾಂಪೌಂಡಿನ ಮೂಲೆಗೆ ಹೋಗಿ ತಾನೇ ಎಸೆದ ಇಟ್ಟಿಗೆಗಳನ್ನು ಹುಲ್ಲಿನಲ್ಲಿ ತಡಕಿ ಆರಿಸಿದ. ಒಂದೊಂದಾಗಿ ತಂದು, ಸಂದು ಬಿಡಿಸಿ, ಮೊದಲಿದ್ದ ಜಾಗದಲ್ಲೇ ಇಟ್ಟು ಕಾಲಿನಿಂದ ಒತ್ತಿ ಗಟ್ಟಿ ಮಾಡಿ, ಮೇಲೆ ಮೊದಲಿನಂತೆ ಒಣ ಎಲೆ ಹರಡಿದ. ಬಿಸಿಲು ನೆತ್ತಿಗೆ ಬರುತ್ತಿತ್ತು. 'ಅಕ್ಕನ ಮುಖ ನೋಡಿ ಇಟ್ಕೊಂಡಿದೀನಿ' ಎಂಬ ಮಾತು ಪ್ರತಿ ಇಟ್ಟಿಗೆಯ ಜೊತೆಗೂ ಮತ್ತೆ ಕೈಗೆ ಬರುತ್ತಿತ್ತು. ಅದನ್ನು ಹೇಗೆ ವಾಪಸು ತೆಗೆದುಕೊಳ್ಳುವುದು ಎಂದು ತಿಳಿಯದೆ, ಭಾವ ಕುಡಿಯಲೆಂದು ತಂಬಿಗೆಯಲ್ಲಿ ನೀರು ತಂದುಕೊಟ್ಟ. ಭಾವ ಕುಡಿದು, ಮಿಕ್ಕಿದ್ದನ್ನು ದಾಸವಾಳದ ಬುಡಕ್ಕೆ ಹೊಯ್ದ.

ಗೊಬ್ಬರ ಹೊತ್ತು ಬಂದ ಪಟಾಕಿ ಬಾಯಿ ಬಿಟ್ಟು ನಿಂತಳು. "ಬೆಳಿಗ್ಗೆ ಎಸೆಯೋದು, ಮಧ್ಯಾಹ್ನ ಆರಿಸೋದು! ಮೇಸ್ತ್ರಿ, ಬಿಸಿಲೇನಾದ್ರೂ ಹತ್ತಿತಾ?"

"ನೋಡ್ತಾ ನೋಡ್ತಾ ಹೀಗೇ ಚೆಂದ ಅನಿಸ್ತು," ಎಂದ ಮೇಸ್ತ್ರಿ.

"ಅದನ್ನೇ ಭಾವ ಬೆಳಿಗ್ಗೆಯಿಂದ ಬಡ್ಕೊಂಡಿದ್ದು. ಆಗ ಹುಲಿ, ಈಗ ಇಲಿ."

ಬೇರೆ ದಿನವಾಗಿದ್ದರೆ ಅವಳಿಗೆ ಸರಿಯಾಗಿ ತಿರುಗೇಟು ಕೊಡುತ್ತಿದ್ದ. ಇವತ್ತು ನುಂಗಿಕೊಂಡ. ತಿರುವಿನ ದೊಡ್ಡ ಸಂದೊಂದು ಉಳಿದಿತ್ತು. ಅದರಲ್ಲಿ ಕಣಗಿಲೆ ಹಾಗೆಯೇ ನಿಂತಿತ್ತು. ಅದನ್ನು ತೆಗೆಯಬೇಕು ಎನ್ನುವಷ್ಟರಲ್ಲಿ ಡಾಕ್ಟರಮ್ಮ ಮೆಟ್ಟಿಲಿಳಿದು ಬಂದರು. ಹಿಂದೆಯೇ ಬೆವರು ಒರೆಸಿಕೊಳ್ಳುತ್ತ ಆಸ್ಪತ್ರೆಯ ಮ್ಯಾನೇಜರ್. ಜಗಲಿಯ ಕಂಬಿಯ ಬಳಿ ರೋಗಿಗಳೂ ಮತ್ತೆ ಜಮಾಯಿಸಿದರು.

ಡಾಕ್ಟರಮ್ಮ ಮಾತು ಕಡಿಮೆಯ ಹೆಂಗಸು. ಪಾತಿಯ ಪಕ್ಕದಲ್ಲಿ ನಿಧಾನವಾಗಿ ನಡೆದು ತಿರುವಿನವರೆಗೆ ಹೋಗಿ, ಅಲ್ಲಿಂದ ತಿರುಗಿ ನೋಡಿ, ವಾಪಸು ಬಂದು ಒಂದು ಸಂದಿನ ಎದುರು ನಿಂತರು. ಯಾಕೆ ಖಾಲಿ ಬಿಟ್ಟಿರಿ ಎಂದು ಕೇಳಿದರೆ ಹೇಳಲು ಮೇಸ್ತ್ರಿ ಒಂದು ಸುಳ್ಳನ್ನು ಹೊಂದಿಸಿಟ್ಟುಕೊಂಡ.

ಅವರು ಸಂದಿನೊಳಕ್ಕೆ ಕಾಲು ಚಾಚಿ ಚಪ್ಪಲಿಯ ತುದಿಯಿಂದ ಒಣ ಎಲೆ ಸರಿಸಿ ಇಟ್ಟಿಗೆಯ ಮೇಲೆ ಪಾದವಿಟ್ಟರು. ಭಾರ ಹಾಕಿ ನೋಡಿದರು.

"ಈ ಜಾಗ ಬಿಟ್ಟಿರೋದು, ಕೆಳಗೆ ಗಟ್ಟಿಗೆ ಇಟ್ಟಿಗೆ ಕೂರಿಸಿರೋದು, ಬೇಕು ಅಂತಾನೇನಾ?"

ಮೇಸ್ತ್ರಿ ಭಾವನ ಕಡೆ ನೋಡಿದ.

"ಎಷ್ಟು ಚೆನ್ನಾಗಿದೆ ರೀ ಇದು. ನಮ್ಮವರು ನಡೀತಾ ನಡೀತಾ ಸುಸ್ತಾದ್ರೆ ಪಕ್ಕಕ್ಕೆ ಸರಿದು ನಿಲ್ಲಬಹುದು. ವಾಕರಿನ ಕಾಲು ಊರೋಕೆ ಗಟ್ಟಿ ಜಾಗ. ಹಿಂದೆ ಬರೋರಿಗೂ ದಾರಿ. ಎಷ್ಟು ತೋಟದವರು ಬಂದು ಹೋದ್ರು, ಯಾರಿಗೂ ಹೊಳೀಲಿಲ್ಲ. ಯಾರ ಯೋಚನೆ?"

"ಇನ್ಯಾರದು? ನಮ್ಮ ಭಾವಂದು!" ಪಟಾಕಿ ಸಿಡಿಯಿತು. "ಮೇಸ್ತ್ರಿ ಬೆಳಿಗ್ಗೆ ಎಲ್ಲಾ ಮುಚ್ಚಿದ್ರು. ಆಮೇಲೆ ತಪ್ಪು ಗೊತ್ತಾಗಿ ತಾವೇ ತೆಗೆದ್ರು."

ಎಲ್ಲರ ಕಣ್ಣೂ ಭಾವನ ಕಡೆ ತಿರುಗಿತು. ಅವನ ಕಂಕುಳಲ್ಲಿ ಮತ್ತೆ ಆ ಗುಲಾಬಿ ಕುಂಡ ಬಂದು ಕೂತಿತ್ತು. ಅವನು ಒಮ್ಮೆ ತನ್ನ ಪಾದ ನೋಡಿಕೊಂಡ. ಇಲ್ಲಮ್ಮ, ಹಾಗೇನಿಲ್ಲ, ಎಂದುಬಿಡುತ್ತಾನೆ ಎಂದುಕೊಂಡ ಮೇಸ್ತ್ರಿ. ಆದರೆ ಭಾವನ ಮುಖದಲ್ಲಿ ಬಹಳ ದಿನದಿಂದ ಕಾಣದಿದ್ದ ಒಂದು ಕಳೆ ನಿಧಾನವಾಗಿ ಏರಿತು. ಬೆಳಿಗ್ಗೆ ಇದೇ ಜನರ ಎದುರು ತಲೆ ಓಡದವನು ಎನಿಸಿಕೊಂಡವನು ಅವನು. ಈ ಹೊಗಳಿಕೆಯನ್ನು ಕೆಳಗೆ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಹರಕು ಅಂಗಿಯ ಕಾಲರು ಸರಿಮಾಡಿಕೊಂಡ.

"ಹೌದಮ್ಮ. ನಡೆಯೋರ ಕಷ್ಟಾನೂ ನೋಡ್ಬೇಕಲ್ವಾ? ನಮ್ಮ ಮೈದುನನಿಗೆ ಬರೀ ಚೆಂದ ಗೊತ್ತು. ಚಿಕ್ಕೋನು. ಕಲೀತಾನೆ, ಬಿಡಿ." ಎನ್ನುತ್ತ ಮೇಸ್ತ್ರಿಯ ಕಡೆ ಕಣ್ಣು ಮಿಟುಕಿಸಿದ.

ಜಗಲಿಯವರು ನಕ್ಕರು. ನರೆತ ಮೀಸೆಯ ಮೈದುನನಿಗೆ 'ಚಿಕ್ಕೋನು' ಎಂದಿದ್ದು ಮ್ಯಾನೇಜರಿಗೂ ಖುಷಿಯಾಯಿತು. ಆ ಕಣ್ಣು ಮಿಟುಕಿನ ಅರ್ಥ, ನಿನಗೆ ಗೊತ್ತು ನನಗೆ ಗೊತ್ತು, ಬಿಟ್ಟುಬಿಡು ಎಂದು. ಮೇಸ್ತ್ರಿ ಬಿಟ್ಟುಬಿಡುತ್ತಲೂ ಇದ್ದನೇನೋ. ಅಷ್ಟರಲ್ಲಿ ಡಾಕ್ಟರಮ್ಮ ಅವನ ಕಡೆ ತಿರುಗಿದರು.

"ಹಾಗಾದ್ರೆ ಹಿಂದಿನ ತೋಟಾನೂ ನೀವೇ ತಗೊಳ್ಳಿ. ಆದ್ರೆ ಗಿಡ ಎಲ್ಲಿಡಬೇಕು ಅಂತ ಇವರೇ ಹೇಳಲಿ. ನೀವು ಇವರು ಹೇಳ್ದಂಗೆ ಮಾಡಿ, ಸಾಕು."

ಸಾಕು. ಆ ಒಂದು ಮಾತು ಮೇಸ್ತ್ರಿಯ ಕಿವಿಯೊಳಗೆ ಕಾದ ಎಣ್ಣೆಯಾಯಿತು. ಮಣ್ಣಿನಿಂದ ಎತ್ತಿ ನಿಲ್ಲಿಸಿದವನು ತಾನು, ಇಟ್ಟಿಗೆ ಆರಿಸಿದವನು ತಾನು, ಈಗ ಚಿಕ್ಕೋನೂ ತಾನು. ಬಾಯಿ ತಾನಾಗಿಯೇ ತೆರೆಯಿತು. ಸಿಟ್ಟಾಗಿ ಬಂದಿದ್ದರೂ ಆಗುತ್ತಿತ್ತು. ಅದು ತಮಾಷೆಯಾಗಿ ಬಂತು.

"ಅಯ್ಯೋ ಅಮ್ಮಾ, ರೋಗಿಗಳಿಗೂ ಅಲ್ಲ ಗೀಗಿಗಳಿಗೂ ಅಲ್ಲ! ಅದು ಇವರ ಮಂಡಿಗೆ! ನಮ್ಮ ಭಾವನ ಚಿಪ್ಪು ಕೆಟ್ಟು ಕೂತಿದೆ. ಕೂತ್ರೆ ಏಳೋಕಾಗಲ್ಲ, ಏಳೋಕೆ ಇಟ್ಟಿಗೆ ಬೇಕು, ಕಾಲು ಚಾಚೋಕೆ ಸಂದು ಬೇಕು. ಈಗ ತಾನೇ ದಾಸವಾಳದ ಬುಡದಲ್ಲಿ ಮಗುಚಿಕೊಂಡ ಆಮೆ ಥರ ಬಿದ್ದಿದ್ರು, ನಾನೇ ಎತ್ತಿದ್ದು. ಇವರನ್ನೂ ಒಂದು ಗುಂಡಿ ತೋಡಿ ನೆಟ್ಟುಬಿಡಿ ಅಮ್ಮ. ಇಟ್ಟ ಕಡೆಯಿಂದ ಅಲ್ಲಾಡಲ್ಲ!"

ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಜಗಲಿಯಲ್ಲೂ ಯಾರೋ ನಕ್ಕರು. ಭಾವನೂ ನಕ್ಕ.

"ಹೌದೌದು," ಎಂದ. "ಆಗಾಗ ನೀರು ಹಾಕಿದ್ರೆ ಸಾಕು."

ಎಲ್ಲರ ನಗೆ ಮುಗಿದ ಮೇಲೂ ಅವನ ನಗೆ ಮುಖದ ಮೇಲೆ ಹಾಗೆಯೇ ಉಳಿದಿತ್ತು, ಒಗೆದು ಹರವಿ ತೆಗೆಯಲು ಮರೆತ ಬಟ್ಟೆಯಂತೆ. ಪಟಾಕಿ ನಕ್ಕಿರಲಿಲ್ಲ. ಅವಳು ಇಟ್ಟಿಗೆಗಳನ್ನು ನೋಡಿದಳು, ಭಾವನ ಕಂಕುಳ ಕುಂಡವನ್ನು ನೋಡಿದಳು, ಕೊನೆಗೆ ಮೇಸ್ತ್ರಿಯನ್ನು ನೋಡಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಂದ ಒಂದೂ ಮಾತು ಹೊರಡಲಿಲ್ಲ. ಮೇಸ್ತ್ರಿಗೆ ತನ್ನ ನಾಲಗೆ ಬೇರೆ ಯಾರದೋ ಎನಿಸಿತು. ಅಂದ್ನಲ್ಲ, ಇಲ್ಲ, ಎಂದಿದ್ದೂ ಇದೇ ನಾಲಗೆ. ಅಂದು ಮುಗಿಸಿ ಬೆವರು ಕೂಡ ಆರಿರಲಿಲ್ಲ.

ಡಾಕ್ಟರಮ್ಮನೂ ನಕ್ಕಿರಲಿಲ್ಲ. "ಯಾವ ಕಾಲು?" ಎಂದು ಕೇಳಿದರು.

"ಏನೂ ಇಲ್ಲಮ್ಮ. ನಮ್ಮ ಮೈದುನ ಹುಡುಗಾಟ ಆಡ್ತಾನೆ."

"ಆ ಕುಂಡ ಕೆಳಗಿಡಿ. ಒಂದು ನಾಲ್ಕು ಹೆಜ್ಜೆ ನಡೀರಿ ನೋಡೋಣ."

ಅವರ ದನಿಯಲ್ಲಿ ಅಕ್ಕರೆಯೇ ಇತ್ತು. ದಿನವೂ ಜಗಲಿಯಲ್ಲಿ ರೋಗಿಗಳಿಗೆ ಹೇಳುವ ದನಿ ಅದು. ರೋಗಿಗಳು ತಮ್ಮ ಸಾಲಿಗೆ ಹೊಸಬನೊಬ್ಬ ಬಂದನೆಂಬಂತೆ ವಾಕರುಗಳ ಮೇಲೆ ಬಾಗಿ ನೋಡಿದರು. ಒಬ್ಬಾಕೆ, "ಹೆದರ್ಬೇಡಿ, ನಿಧಾನಕ್ಕೆ," ಎಂದು ಧೈರ್ಯ ಕೂಡ ಹೇಳಿದಳು.

ಮೇಸ್ತ್ರಿಗೆ, ಬಿಡಿ ಅಮ್ಮ, ನಾನು ಸುಮ್ನೆ ಅಂದೆ, ಎನ್ನಬೇಕೆನಿಸಿತು. ಬೇಡವಾದಾಗ ಹಾರಿ ಬರುವ ಮಾತು ಈಗ ಬೇಕಾದಾಗ ಅಂಗುಳಿಗೆ ಅಂಟಿಕೊಂಡಿತು.

ಭಾವ ಬಗ್ಗದೆ, ಸೊಂಟದಿಂದ ಜಾರಿಸಿದಂತೆ ಗುಲಾಬಿ ಕುಂಡವನ್ನು ಮೈದುನನ ಕೈಗೆ ಕೊಟ್ಟ. ಅವನ ಮುಖ ನೋಡಲಿಲ್ಲ. ಕಲ್ಲುಹಾಸಿನ ಮೇಲೆ ನಡೆಯತೊಡಗಿದ. ಕುಂಡವಿಲ್ಲದ ಅವನ ನಡಿಗೆಯನ್ನು ಅಲ್ಲಿದ್ದವರು ನೋಡಿದ್ದು ಅದೇ ಮೊದಲು. ಬಲಗಾಲು ಮಡಿಸುತ್ತಲೇ ಇರಲಿಲ್ಲ. ಹೆಜ್ಜೆಹೆಜ್ಜೆಗೂ ಭುಜ ಒಂದು ಕಡೆ ಕುಸಿದು ಏಳುತ್ತಿತ್ತು. ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಈಗ ಮುಚ್ಚಿಡುವ ಗೋಜಿಗೇ ಹೋಗದೆ, ಇದ್ದ ಹಾಗೆ ನಡೆದ. ತಾನೇ ಬಿಡಿಸಿದ ಸಂದುಗಳನ್ನು ಒಂದೊಂದಾಗಿ ದಾಟಿದ. ಯಾವುದರಲ್ಲೂ ನಿಲ್ಲಲಿಲ್ಲ.

"ನೋವು ಎಲ್ಲಿ ಬರುತ್ತೆ, ಮಂಡಿ ಒಳಗಡೆನಾ?" ಎಂದು ಡಾಕ್ಟರಮ್ಮ ಕೂಗಿ ಕೇಳಿದರು.

ಭಾವ ನಡೆಯುತ್ತಲೇ ಇದ್ದ. ತಿರುವಿಗೆ ಬಂದ. ದಾಸವಾಳಗಳ ಹಿಂದೆ ಮೊದಲು ಅವನ ಕಾಲು, ಆಮೇಲೆ ಹರಕು ಅಂಗಿ, ಕೊನೆಗೆ ತಲೆ ಮರೆಯಾಯಿತು.

"ಸಾಕು, ಅಲ್ಲಿಂದ ತಿರುಗಿ ಬನ್ನಿ."

ಎಲ್ಲರೂ ತಿರುವನ್ನೇ ನೋಡುತ್ತ ನಿಂತರು. ಯಾರೂ ಬರಲಿಲ್ಲ.

"ಕೇಳಿಸಲಿಲ್ಲವೇನೋ," ಎಂದ ಮ್ಯಾನೇಜರ್.

ಮೇಸ್ತ್ರಿ ಕತ್ತು ಚಾಚಿದ. ಬೆಳಿಗ್ಗೆ ತಾನೇ ಎಳೆದು ತಂದು ನಿಲ್ಲಿಸಿದ ಕಣಗಿಲೆ ದೊಡ್ಡ ಸಂದಿನಲ್ಲಿ ದಟ್ಟವಾಗಿ ನಿಂತಿತ್ತು. ಅದು ಅಲ್ಲಿಲ್ಲದಿದ್ದರೆ ಗೇಟಿನವರೆಗೂ ಕಾಣುತ್ತಿತ್ತು. ಭಾವ ನಿಂತಿದ್ದಾನೋ, ಹೋಗುತ್ತಿದ್ದಾನೋ, ಒಮ್ಮೆಯಾದರೂ ತಿರುಗಿ ನೋಡಿದನೋ, ಒಂದೂ ಕಾಣಲಿಲ್ಲ. ಎಲೆ ಮಾತ್ರ ಕಂಡಿತು.

ಗೇಟಿನ ಚಿಲಕದ ಸದ್ದು ಕೇಳಿಸಿತು.

"ಬರ್ತಾರೆ," ಎಂದ ಮೇಸ್ತ್ರಿ, ಯಾರೂ ಕೇಳದೆಯೇ. "ಅಂಗಿ ಇಲ್ಲೇ ಇದೆ. ಬುತ್ತಿನೂ ಇಲ್ಲೇ ಇದೆ."

ಡಾಕ್ಟರಮ್ಮ ಸ್ವಲ್ಪ ಹೊತ್ತು ಕಾದು ಮೆಟ್ಟಿಲು ಹತ್ತಿದರು. ಜಗಲಿಯಲ್ಲಿ ವಾಕರುಗಳ ಟಕಟಕ ಮತ್ತೆ ಶುರುವಾಯಿತು. ಪಟಾಕಿ ಪೈಪು ಎಳೆದುಕೊಂಡು, ಮೇಸ್ತ್ರಿಯನ್ನು ಬಳಸಿ ಹೋಗಿ, ಪಾತಿಯ ಆ ತುದಿಯಿಂದ ನೀರು ಬಿಡತೊಡಗಿದಳು.

ಮೇಸ್ತ್ರಿ ಕುಂಡವನ್ನು ಕೆಳಗಿಟ್ಟು ತಿರುವಿಗೆ ಓಡಿದ. ಕಣಗಿಲೆಯನ್ನು ಎರಡೂ ಕೈಯಿಂದ ತಬ್ಬಿ ಎಳೆದು ಪಕ್ಕಕ್ಕೆ ಹಾಕಿದ. ಸಂದು ತೆರೆಯಿತು. ಅದರಾಚೆ ಕಲ್ಲುಹಾಸು, ಅರ್ಧ ತೆರೆದ ಗೇಟು, ಗೇಟಿನಾಚೆ ಬಿಸಿಲು ಬಿದ್ದ ಖಾಲಿ ಬೀದಿ.

ಮಿಕ್ಕ ಗಿಡಗಳನ್ನು ಅವನೊಬ್ಬನೇ ನೆಟ್ಟ. ಎತ್ತರದ ಸಾಲನ್ನೂ ಅವನೇ ನೆಟ್ಟ. ಆ ದೊಡ್ಡ ಸಂದನ್ನು ಹಾಗೆಯೇ ಬಿಟ್ಟು, ಅದಕ್ಕೂ ಒಂದು ಇಟ್ಟಿಗೆ ಹುಡುಕಿ ತಂದು ಕೂರಿಸಿದ. ಪ್ರತಿ ಗುಂಡಿ ಮುಚ್ಚಿದಾಗಲೂ ತಲೆಯೆತ್ತಿ ಗೇಟು ನೋಡಿದ. ಕೆಲಸ ಮುಗಿದು, ಪಟಾಕಿ ಹೇಳದೆ ಕೇಳದೆ ಹೊರಟುಹೋಗಿ, ಜಗಲಿಯ ಬಾಗಿಲು ಹಾಕಿದ ಮೇಲೂ ಅಂಗಿ ಕಂಬದ ಮೇಲೇ ಇತ್ತು. ಅದನ್ನು ಮಡಿಸಿ ಬುತ್ತಿಯ ಚೀಲಕ್ಕಿಟ್ಟ. ಡಬ್ಬಿ ತುಂಬಿದ ಹಾಗೆಯೇ ಭಾರವಾಗಿತ್ತು. ಅದನ್ನು ಅಕ್ಕನ ಕೈಗೆ ಹೇಗೆ ಕೊಡುವುದು ಎಂದು ತಿಳಿಯದೆ ಮೇಸ್ತ್ರಿ ಪಾತಿಯ ಅಂಚಿನಲ್ಲಿ ಕೂತುಬಿಟ್ಟ.

ಭಾವ ಬರಲಿಲ್ಲ.